ಗರಡಿಗೆ ಎರಡು ಚಹಾ

ಮೊದಲ ದೃಶ್ಯದಲ್ಲಿ ಕಪ್ಪು ಕುದುರೆಯೊಂದು ನಿಧಾನವಾಗಿ ನಡೆದು ಬರುತ್ತದೆ. ಎರಡೂ ಕಡೆ ಮಸಿ ಮೆತ್ತಿದ ಇಟ್ಟಿಗೆ ಗೋಡೆ, ಕಾಲಡಿ ಕೆಸರು, ಮೇಲೆ ಹೊಗೆ. ಕುದುರೆಯ ಮೇಲೆ ಕುಳಿತವನ ಟೋಪಿಯ ಅಂಚು ಹುಬ್ಬಿನವರೆಗೂ ಇಳಿದಿದೆ. ಅವನನ್ನು ಕಂಡ ಕೂಡಲೇ ಓಣಿಯ ಜನ ಹಿಂದೆ ಸರಿಯುತ್ತಾರೆ. ಚೀನೀ ಹುಡುಗಿಯೊಬ್ಬಳು ಮುಂದೆ ಬಂದು ಕೆಂಪು ಪುಡಿಯನ್ನು ಕುದುರೆಯ ಮೂತಿಗೆ ಊದುತ್ತಾಳೆ. ರೇಸಿನಲ್ಲಿ ಅದು ಗೆಲ್ಲಲಿ ಎಂದು ಮಾಡಿಸುವ ಮಾಟ.

"ಗುಲಾಲಾ?" ಎಂದರು ಚಿಕ್ಕಯ್ಯ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಅದು ಜುಲೈ ತಿಂಗಳ ರಾತ್ರಿ. ಹೊರಗೆ ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಚಿಕ್ಕಯ್ಯನಿಗೆ 85 ವರ್ಷ. ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು. ಹೊಸ ಕಣ್ಣಿಗೆ ಬಣ್ಣಗಳೆಲ್ಲ ಹೊಳೆದು ಕಾಣುವ ಹುರುಪಿನಲ್ಲಿ ಅವರು ನನ್ನೊಂದಿಗೆ ಟಿವಿಯ ಮುಂದೆ ಕೂತಿದ್ದರು. ನಾನು ಹಾಕಿದ್ದು 'ಪೀಕಿ ಬ್ಲೈಂಡರ್ಸ್'. ಬಿಬಿಸಿಯಲ್ಲಿ 2013ರಿಂದ 2022ರವರೆಗೆ ಆರು ಕಂತೆಗಳಲ್ಲಿ, ಒಟ್ಟು 36 ಕಂತುಗಳಾಗಿ ಬಂದ ಧಾರಾವಾಹಿ. ಮೊದಲನೇ ಮಹಾಯುದ್ಧದಿಂದ ಮರಳಿದ ಅಣ್ಣತಮ್ಮಂದಿರು ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಎಂಬ ಕಾರ್ಖಾನೆ ಕೇರಿಯಲ್ಲಿ ಜೂಜು, ಹೊಡೆದಾಟ, ಕಳ್ಳಮಾಲುಗಳ ದಂಧೆ ಕಟ್ಟುವ ಕತೆ. 1919ರಲ್ಲಿ ಶುರುವಾಗಿ ಎರಡನೇ ಯುದ್ಧದ ಮೋಡ ಕವಿಯುವ ಹೊತ್ತಿಗೆ ಮುಗಿಯುತ್ತದೆ. ನಾನು ಅದನ್ನು ನೋಡುತ್ತಿದ್ದುದು ಮೂರನೆಯ ಸಲ. ಆ ಊರಿನ ಇಂಗ್ಲಿಷು ಕಿವಿಗೆ ಅರ್ಧವೂ ದಕ್ಕುವುದಿಲ್ಲ. ಕೆಳಗೆ ಮೂಡುವ ಅಕ್ಷರ ಓದಿ ಕುಂದಾಪುರದ ಕನ್ನಡಕ್ಕೆ ತಿರುಗಿಸಿ ಚಿಕ್ಕಯ್ಯನಿಗೆ ಹೇಳುತ್ತಿದ್ದೆ. ಹಾಗೆ ಹೇಳುತ್ತ ಹೋದಂತೆ ಆ ಓಣಿ ನಮಗೆ ಹತ್ತಿರವಾಗುತ್ತ ಬಂತು.

ಮನೆಯ ಲೆಕ್ಕಪತ್ರ ನೋಡುವವಳು ಸೋದರತ್ತೆ, ಪಾಲಿ. ಗಂಡಸರೆಲ್ಲ ಫ್ರಾನ್ಸಿನ ಕಂದಕಗಳಲ್ಲಿದ್ದಾಗ ದಂಧೆಯನ್ನು ಒಬ್ಬಳೇ ನಡೆಸಿದವಳು. ಅವಳು ಮೇಜಿನ ತುದಿಯಲ್ಲಿ ಕೂತು ಅಳಿಯಂದಿರನ್ನು ಗದರಿಸುವಾಗ ಚಿಕ್ಕಯ್ಯ ತಲೆದೂಗಿದರು. ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ಹಿರಿಹೆಂಗಸಿನ ಮಾತಿಗೆ ಇದ್ದ ತೂಕ ಅವರು ಕಂಡದ್ದೇ. ಆ ಪಾತ್ರ ಮಾಡಿದ ಹೆಲೆನ್ ಮೆಕ್‌ಕ್ರೋರಿ 2021ರಲ್ಲಿ, ಕೊನೆಯ ಕಂತೆ ಮುಗಿಯುವ ಮೊದಲೇ ತೀರಿಕೊಂಡಳು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಿಲಿಯನ್ ಮರ್ಫಿ ಮಾಡಿದ ಟಾಮಿ ಶೆಲ್ಬಿಯನ್ನೇ ದಿಟ್ಟಿಸುತ್ತ ಕೇಳಿದರು: "ಈ ಮನ್ಷ ಮನಿಕಂಬುದೇ ಇಲ್ಯಾ ಮಗಾ?"

ಮಲಗುವುದಿಲ್ಲ. ಯುದ್ಧದಲ್ಲಿ ಅವನ ಕೆಲಸ ಶತ್ರುವಿನ ಕಂದಕದ ಅಡಿಗೆ ಸುರಂಗ ಕೊರೆಯುವುದು. ಊರಿಗೆ ಬಂದ ಮೇಲೂ ರಾತ್ರಿಯಾದರೆ ಗೋಡೆಯಾಚೆ ಗುದ್ದಲಿ ಸದ್ದು ಕೇಳುತ್ತದೆ. ಇಡೀ ಧಾರಾವಾಹಿಯಲ್ಲಿ ನನಗೆ ಹೆಚ್ಚು ಕಾಡಿದ್ದು ಆ ಸದ್ದೇ. ಚಾಕು, ಬಂದೂಕು, ಟೋಪಿಯ ಅಂಚಿನಲ್ಲಿ ಹೊಲಿದ ಬ್ಲೇಡು ಎಲ್ಲ ಅದರ ಮುಂದೆ ಸಣ್ಣವು. ಬ್ಲೇಡಿನ ಕತೆಯಂತೂ ನಿಜವಲ್ಲ ಎನ್ನುತ್ತಾರೆ ಬರ್ಮಿಂಗ್‌ಹ್ಯಾಮಿನ ಇತಿಹಾಸಕಾರ ಕಾರ್ಲ್ ಚಿನ್. ಅಸಲಿ ಪೀಕಿ ಬ್ಲೈಂಡರುಗಳ ಕಾಲ 1890ರ ಆಸುಪಾಸು. ಆಗ ಅಂಥ ಬ್ಲೇಡು ಬಡವರ ಕೈಗೆ ಎಟುಕುವ ವಸ್ತುವಾಗಿರಲಿಲ್ಲ.

ಕತೆ ಹುಟ್ಟಿದ ಬಗೆ ಮಾತ್ರ ನನಗೆ ಬಹಳ ಪ್ರಿಯ. ಇದನ್ನು ಬರೆದ ಸ್ಟೀವನ್ ನೈಟ್ ಹಲವು ಸಲ ಹೇಳಿಕೊಂಡಿದ್ದಾರೆ. ಅವರ ತಂದೆ ಹುಡುಗನಾಗಿದ್ದಾಗ ಮನೆಯವರು ಒಂದು ಚೀಟಿ ಕೊಟ್ಟು, ಸಂಬಂಧಿಕರ ಮನೆಗೆ ಮುಟ್ಟಿಸಿ ಬಾ ಎಂದು ಕಳಿಸಿದರಂತೆ. ಹುಡುಗ ಬಾಗಿಲು ತಟ್ಟಿದ. ಒಳಗೆ ಹೊಗೆ. ಮೇಜಿನ ತುಂಬ ಚಿಲ್ಲರೆ ನಾಣ್ಯಗಳ ರಾಶಿ. ಸುತ್ತ ಕೂತವರ ಮೈಮೇಲೆ ಒಳ್ಳೊಳ್ಳೆಯ ಬಟ್ಟೆ, ಆದರೆ ಬಿಯರು ಕುಡಿಯುತ್ತಿದ್ದುದು ಜ್ಯಾಮಿನ ಖಾಲಿ ಬಾಟಲಿಗಳಲ್ಲಿ. ಇದ್ದ ಹಣವೆಲ್ಲ ಬಟ್ಟೆಗೇ ಹೋಗುತ್ತಿತ್ತು, ಲೋಟಕ್ಕೆ ಉಳಿಯುತ್ತಿರಲಿಲ್ಲ. ಆ ಹುಡುಗ ಬಾಗಿಲಲ್ಲಿ ನಿಂತು ನೋಡಿದ್ದು ಒಂದೆರಡು ನಿಮಿಷ ಇರಬಹುದು. ಅದೇ ಬೆಳೆದು 36 ಕಂತುಗಳಾಯಿತು.

ಇದನ್ನು ಹೇಳಿದಾಗ ಚಿಕ್ಕಯ್ಯ ರಿಮೋಟನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. "ಇಂಥವ್ನ್ ಒಬ್ಬನ್ನ ನಾನೂ ಕಂಡಿದೆ. ಲಾಲ್‌ಬಾಗಂಗೆ."

ಅವರು ಕಂಡದ್ದನ್ನು ಹೇಳುವ ಮೊದಲು ಲಾಲ್‌ಬಾಗಿನ ವಿಷಯ ಸ್ವಲ್ಪ ಹೇಳಬೇಕು. ಟಾಮಿ ಶೆಲ್ಬಿ ಸ್ಮಾಲ್ ಹೀತಿನಲ್ಲಿ ಕುದುರೆ ಓಡಿಸುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಮುಂಬೈಯಲ್ಲೂ ಅಂಥ ಒಂದು ಕೇರಿ ಇತ್ತು. ಬೈಕಲಾ, ಲಾಲ್‌ಬಾಗ್, ಪರೇಲ್, ವರ್ಲಿ, ಶಿವಡಿಗಳನ್ನು ಒಟ್ಟು ಸೇರಿಸಿ ಜನ ಗಿರಣಗಾಂವ್ ಎಂದು ಕರೆದರು, ಗಿರಣಿಗಳ ಊರು. ಸುಮಾರು ಎಂಬತ್ತು ಬಟ್ಟೆ ಗಿರಣಿಗಳು, ಒಂದೂವರೆ ಲಕ್ಷದಷ್ಟು ಕಾರ್ಮಿಕರು. ಹೆಚ್ಚಿನವರು ರತ್ನಾಗಿರಿ, ಸಾತಾರಾ ಕಡೆಯವರು. ಬೆಳಗ್ಗೆ ಗಿರಣಿಯ ಭೋಂಗಾ ಕೂಗಿದರೆ ಇಡೀ ಓಣಿ ಎದ್ದು ನಡೆಯುತ್ತಿತ್ತು. ಚಾಳಿನ ಒಂದು ಖೋಲಿಯಲ್ಲಿ ಹತ್ತು ಹನ್ನೆರಡು ಗಂಡಸರು. ಹಗಲು ಪಾಳಿಯವರು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಒರಗುತ್ತಿದ್ದರು. ಊಟಕ್ಕೆ ಖಾನಾವಳಿ. ಈ ಶಬ್ದ ನಮ್ಮ ಹುಬ್ಬಳ್ಳಿ, ಬಿಜಾಪುರದವರಿಗೂ ಮನೆಯದೇ. ಗಿರಣಗಾಂವಿನ ಖಾನಾವಳಿಗಳನ್ನು ನಡೆಸುತ್ತಿದ್ದವರು ಬಹುಪಾಲು ಹೆಂಗಸರು. ಮುಷ್ಕರ ಬಂದಾಗ ತಿಂಗಳುಗಟ್ಟಲೆ ಉದ್ರಿಯಲ್ಲಿ ಉಣ್ಣಿಸಿ ಗಂಡಸರನ್ನು ಊರಲ್ಲಿ ಉಳಿಸಿಕೊಂಡವರು. ಪಾಲಿ ಅತ್ತೆಯನ್ನು ನೋಡುವಾಗಲೆಲ್ಲ ನನಗೆ ಆ ಬಾಯಂದಿರ ನೆನಪು.

ಆ ಕಾಲದ ಗುರುತುಗಳು ಇನ್ನೂ ನಿಂತಿವೆ. 1920ರಲ್ಲಿ ಸರ್ಕಾರ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ ತೆರೆದು ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕಾಂಕ್ರೀಟಿನ ಚಾಳುಗಳನ್ನು ಕಟ್ಟಿಸಿತು. ಇಲಾಖೆಯ ಹೆಸರಿನ ಮೊದಲಕ್ಷರಗಳೇ ಅವುಗಳ ಹೆಸರಾದವು, ಬಿಡಿಡಿ ಚಾಳು. ಒಂದೊಂದು ಖೋಲಿ 160 ಚದರಡಿ. ಕಾಯಿದೆಭಂಗ ಚಳವಳಿಯ ದಿನಗಳಲ್ಲಿ ವರ್ಲಿಯ ಕೆಲವು ಚಾಳುಗಳನ್ನೇ ಸೆರೆಮನೆ ಮಾಡಿದ್ದರು. ಈಗ ಒಂದೊಂದಾಗಿ ಕೆಡವುತ್ತಿದ್ದಾರೆ. ಕಳೆದ ಸಲ ವರ್ಲಿಗೆ ಹೋದಾಗ ಉಳಿದ ಚಾಳೊಂದರ ಉದ್ದ ಮೊಗಸಾಲೆಯ ತುದಿಯಿಂದ ತುದಿಗೆ ನಡೆದು ಬಂದೆ. ಮಧ್ಯಾಹ್ನ ಎರಡರ ಹೊತ್ತು. ಮೊಗಸಾಲೆಯ ತುಂಬ ಬಂಗಡೆ ಸಾರಿನ ವಾಸನೆ, ಅರ್ಧ ತೆರೆದ ಬಾಗಿಲುಗಳು, ಎಲ್ಲೋ ಹೊಲಿಗೆ ಯಂತ್ರದ ಸದ್ದು. ಗೋಡೆಗಳು ಒಂದು ಮೊಳ ದಪ್ಪ ಇದ್ದಾವು. ನೂರು ವರ್ಷದ ಮಾತುಗಳನ್ನೆಲ್ಲ ಕುಡಿದು ಕೂತ ಗೋಡೆ.

ಇಂಥ ಓಣಿಗೊಬ್ಬ ದಾದಾ ಇರುತ್ತಿದ್ದ.

ಮರಾಠಿಯಲ್ಲಿ ದಾದಾ ಎಂದರೆ ಅಣ್ಣ. ನಮ್ಮ ಕನ್ನಡಕ್ಕೆ ಆ ಪದ ಬರುವಾಗ 'ಗಿರಿ'ಯನ್ನು ಹಚ್ಚಿಕೊಂಡು ಬಂತು. ಅದರೊಳಗಿನ ಅಣ್ಣತನ ದಾರಿಯಲ್ಲೇ ಉಳಿಯಿತು. ಗಿರಣಗಾಂವಿನಲ್ಲಿ ಎರಡೂ ಒಂದೇ ಮೈಯಲ್ಲಿದ್ದವು. ಗರಡಿ ನಡೆಸುವವನು ದಾದಾ. ಬಾಡಿಗೆ ವಸೂಲಿಗೆ ಮನೆಯೊಡೆಯ ಹಿಡಿಯುವುದು ಅವನನ್ನೇ, ಹೊರಗೆ ಹಾಕಿದವನನ್ನು ಮತ್ತೆ ಒಳಗೆ ಕೂರಿಸುವವನೂ ಅವನೇ. ಸಾಲ ಕೊಡಿಸುತ್ತಿದ್ದ, ಸಾಲ ಹಿರಿಯುತ್ತಿದ್ದ. ಗಿರಣಿ ಬಾಗಿಲಲ್ಲಿ ಆಳು ಆರಿಸಿಕೊಳ್ಳುವ ಜಾಬರನ ಸ್ನೇಹ ಅವನಿಗೆ ಬೇಕು, ಜಾಬರನಿಗೂ ಓಣಿಯಲ್ಲಿ ಅವನ ಬಲ ಬೇಕು. ಹಬ್ಬದ ಮೆರವಣಿಗೆಯ ಮುಂದಾಳು ಅವನೇ. ಅದಕ್ಕೂ ಹಿಂದೆ ಮೊಹರಮ್ಮಿನ ಹೊತ್ತಿಗೆ ಮೊಹಲ್ಲಾ ಮೊಹಲ್ಲಾಗಳ ಟೋಳಿಗಳು ಒಂದರ ಮೇಲೊಂದು ಜಿದ್ದಿಗೆ ಬೀಳುತ್ತಿದ್ದವು. 1912ರಲ್ಲಿ ಪೊಲೀಸ್ ಕಮಿಷನರ್ ಎಡ್ವರ್ಡ್ಸ್ ಆ ಮೆರವಣಿಗೆಗಳಿಗೆ ಕಡಿವಾಣ ಹಾಕಿದ. ಟೋಳಿಯನ್ನು ತಡೆದರು, ಟೋಳಿ ಕಟ್ಟುವ ಕೈ ಗರಡಿಯಲ್ಲಿ ಉಳಿಯಿತು.

ಎರಡು ಯುದ್ಧಗಳ ನಡುವಿನ ದಾದಾಗಳಲ್ಲಿ ದೊಡ್ಡ ಹೆಸರು ಘೋಡಪ್‌ದೇವದ ಕೇಶವ ಬೋರ್ಕರನದು. ಕೇಶವದಾದಾ. ಆ ಬಡಾವಣೆಯ ಹೆಸರಿನಲ್ಲೂ ಒಂದು ಕುದುರೆ ಕೇಳಿಸುವುದು ನನಗೆ ಖುಷಿ. ಅವನಿಗೆ ತನ್ನ ಗರಡಿ ಇತ್ತು, ಗರಡಿಯ ಹುಡುಗರಿದ್ದರು, ಕರೆದರೆ ಬರುವ ಓಣಿ ಇತ್ತು. 1928ರ ಏಪ್ರಿಲಿನಲ್ಲಿ ಗಿರಣಿಗಳ ಒಂದೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು, ಅಕ್ಟೋಬರಿನವರೆಗೆ, ಆರು ತಿಂಗಳು. ಆ ಬೆಂಕಿಯಲ್ಲಿ ಗಿರಣಿ ಕಾಮಗಾರ್ ಯೂನಿಯನ್ ಹುಟ್ಟಿತು. ಡಾಂಗೆ, ಮಿರಜಕರ್, ನಿಂಬ್ಕರ್, ಗಿರಣಿಯೊಳಗಿನಿಂದಲೇ ಬಂದ ಆಳ್ವೆ ಅದರ ಮುಂದಾಳುಗಳು. ಹೆಂಗಸರನ್ನು ಕಟ್ಟಿದವರು ಉಷಾಬಾಯಿ ಡಾಂಗೆಯಂಥವರು. ಬೋರ್ಕರ ಈ ಕೆಂಬಾವುಟದವರ ಕಡುವೈರಿ. ಮುಷ್ಕರ ಮುರಿಯುವ ಕಡೆಗೆ ಅವನ ತೋಳು.

ಓದಿದಾಗಲೆಲ್ಲ ನಾನು ತಡೆದು ನಿಲ್ಲುವ ಜಾಗ ಇದು. ಧಾರಾವಾಹಿಯಲ್ಲೂ ಟಾಮಿಯ ತಂಗಿ ಏಡಾ ಮದುವೆಯಾಗುವುದು ಕಮ್ಯುನಿಸ್ಟನನ್ನು. ಜೆಸ್ಸಿ ಈಡನ್ ಎಂಬ ನಿಜಜೀವನದ ಯೂನಿಯನ್ ನಾಯಕಿಯನ್ನೂ ಕತೆಯೊಳಗೆ ತಂದಿದ್ದಾರೆ. ಕಾರ್ಖಾನೆಯ ಕೇರಿಯಲ್ಲಿ ಗೂಂಡಾ ಮತ್ತು ಮುಷ್ಕರಗಾರ ಒಂದೇ ನಲ್ಲಿಯ ನೀರು ಕುಡಿದು ಬೆಳೆದವರು. ಗಿರಣಗಾಂವಿನಲ್ಲಿ ಅದು ಇನ್ನೂ ತೀರ ಹತ್ತಿರದ ಸಂಗತಿ. ಬೋರ್ಕರನ ಗರಡಿಯಲ್ಲಿ ಸಾಮು ಮಾಡಿದ ಹುಡುಗನ ಅಣ್ಣ ಯೂನಿಯನ್ನಿನ ಚಂದಾ ಎತ್ತುವವನಾಗಿರಬಹುದು. ರಾತ್ರಿ ಇಬ್ಬರೂ ಒಂದೇ ಖೋಲಿಗೆ ಮರಳಬೇಕು. ಸಂಜೆ ಒಬ್ಬನ ತಲೆ ಒಡೆದ ಲಾಠಿಯನ್ನು ಇನ್ನೊಬ್ಬ ಯಾವ ಮೂಲೆಯಲ್ಲಿ ಆನಿಸಿ ಇಡುತ್ತಿದ್ದ? ತಾಯಿ ಊರಿಂದ ಕಳಿಸಿದ ಕೋಕಮ್ಮನ್ನು ಹೇಗೆ ಹಂಚಿಕೊಳ್ಳುತ್ತಿದ್ದರು? ಇಂಥದ್ದನ್ನು ಯಾರಾದರೂ ಚಿತ್ರಿಸಿಯಾರು ಎಂದು ನಾನು ಕಾದಿದ್ದೇನೆ.

ಆಮೇಲಿನದು ಕಹಿ. 1929ರ ಫೆಬ್ರವರಿಯಲ್ಲಿ ಪಠಾಣರು ಮಕ್ಕಳನ್ನು ಕದ್ದೊಯ್ಯುತ್ತಿದ್ದಾರೆಂಬ ಗಾಳಿಮಾತು ಹಬ್ಬಿತು. ಅವರ ಮೇಲೆ ಸಿಟ್ಟಿಗೆ ಕಾರಣಗಳು ಮೊದಲೇ ಇದ್ದವು. ಬಡ್ಡಿಗೆ ಸಾಲ ಕೊಟ್ಟು ಸಂಬಳದ ದಿನ ಗಿರಣಿ ಬಾಗಿಲಲ್ಲಿ ಕಾಯುತ್ತಿದ್ದವರು ಅವರು. ಶಿವಡಿಯ ತೈಲ ಕಂಪನಿಯ ಮುಷ್ಕರದಲ್ಲಿ ಬದಲಿ ಆಳುಗಳಾಗಿ ಬಂದವರೂ ಅವರೇ. ಊರು ದಿನಗಟ್ಟಲೆ ಉರಿಯಿತು. ಮಾರ್ಚಿನಲ್ಲಿ ಯೂನಿಯನ್ನಿನ ನಾಯಕರನ್ನು ಹಿಡಿದು ಮೀರತ್ತಿನ ಪಿತೂರಿ ಮೊಕದ್ದಮೆಗೆ ಒಯ್ದರು.

ಬೋರ್ಕರನೂ ಅವನಂಥವರೂ ಬರೀ ಪೊಲೀಸ್ ಕಡತದ ಹೆಸರುಗಳಾಗಿ ಉಳಿಯದೆ ಓಣಿಯ ಮನುಷ್ಯರಾಗಿ ನಮಗೆ ಸಿಕ್ಕಿದ್ದಕ್ಕೆ ಮುಖ್ಯವಾಗಿ ಇತಿಹಾಸಕಾರ ರಾಜನಾರಾಯಣ ಚಂದಾವರ್ಕರರಿಗೆ ಋಣಿಯಾಗಿರಬೇಕು. ಕೇಂಬ್ರಿಜ್‌ನಲ್ಲಿ ಪಾಠ ಹೇಳುತ್ತಿದ್ದ ಅವರು 2006ರಲ್ಲಿ ತೀರಿಕೊಂಡರು. 1900ರಿಂದ 1940ರವರೆಗಿನ ಮುಂಬೈ ಕಾರ್ಮಿಕರ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ ಬಂದದ್ದು 1994ರಲ್ಲಿ. ಗರಡಿ, ಅಂಗಡಿ, ಸಾಲ, ಬಾಡಿಗೆ, ಜಾಬರ್, ದಾದಾ ಇವನ್ನೆಲ್ಲ ಒಂದೇ ಬಲೆಯ ನೂಲುಗಳಾಗಿ ನೋಡಲು ಕಲಿಸಿದವರು ಅವರು. ಚಂದಾವರ ನಮ್ಮ ಉತ್ತರ ಕನ್ನಡದ ಊರು. ಆ ಅಡ್ಡಹೆಸರನ್ನು ಪುಸ್ತಕದ ಬೆನ್ನಿನ ಮೇಲೆ ಕಂಡಾಗಲೆಲ್ಲ ಗಿರಣಗಾಂವಿನ ಹೊಗೆಯ ನಡುವೆ ಹೊನ್ನಾವರದ ಗಾಳಿ ಬೀಸಿದ ಹಾಗಾಗುತ್ತದೆ.

ಆ ದಿನಗಳ ಸಿನಿಮಾದವರು ಓಣಿಯತ್ತ ಹೆಚ್ಚು ತಿರುಗಲಿಲ್ಲ. ಅಪರಾಧದ ಕತೆಗೆ ಅವರು ಮಲಬಾರ್ ಹಿಲ್ ಹತ್ತಿದರು. 1925ರ ಜನವರಿ 12ರ ಸಂಜೆ ಅಬ್ದುಲ್ ಕಾದರ್ ಬಾವಲಾ ಎಂಬ ಸಿರಿವಂತ ವರ್ತಕನನ್ನು ಅಲ್ಲಿ ಕಾರು ಅಡ್ಡಗಟ್ಟಿ ಕೊಂದರು. ಜೊತೆಗಿದ್ದವಳು ಇಂದೋರಿನ ಅರಮನೆ ಬಿಟ್ಟು ಬಂದ ನರ್ತಕಿ ಮುಮ್ತಾಜ್ ಬೇಗಮ್. ಬಂದವರಿಗೆ ಬೇಕಾದದ್ದು ಅವಳು. ಗಾಲ್ಫ್ ಆಡಿ ಮರಳುತ್ತಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಆ ದಾರಿಗೆ ಬರದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಅವರಲ್ಲೊಬ್ಬ ಗಾಲ್ಫ್ ಕೋಲಿನಿಂದಲೇ ಹೊಡೆದಾಡಿದ. ಆರೋಪಿಗಳಲ್ಲೊಬ್ಬನ ಪರ ವಕೀಲ ಮಹಮ್ಮದಲಿ ಜಿನ್ನಾ. ಮರುವರ್ಷ ಇಂದೋರಿನ ಮಹಾರಾಜ ತುಕೋಜಿರಾವ್ ಹೋಳ್ಕರ್ ಗದ್ದುಗೆ ಬಿಟ್ಟಿಳಿದ. ಕೊಲೆಯಾದ ವರ್ಷವೇ ಕೊಹಿನೂರ್ ಕಂಪನಿ ಆ ಪ್ರಕರಣದ ಮೇಲೆ 'ಕುಲೀನ್ ಕಾಂತಾ' ಎಂಬ ಮೂಕಿಚಿತ್ರ ತೆಗೆಯಿತು. ನಿರ್ದೇಶಕ ಹೋಮಿ ಮಾಸ್ಟರ್. ಗಿರಣಗಾಂವಿನ ಜನ ಸಂಬಳದ ವಾರ ನಾಲ್ಕಾಣೆ ಕೊಟ್ಟು ಬೆಂಚಿನ ಮೇಲೆ ಕೂತು ಮಹಾರಾಜನ ಕತೆ ನೋಡುವುದನ್ನು ನಾನು ಊಹಿಸಿಕೊಳ್ಳುತ್ತೇನೆ. ಅವರ ಸ್ವಂತ ಓಣಿಯ ದಾದಾನ ಕತೆ ಆಗ ತೆರೆಗೆ ಬಂದದ್ದು ನನಗೆ ತಿಳಿದಿಲ್ಲ. ಈಚೆಗೆ 2023ರಲ್ಲಿ ಬಂದ 'ಬಂಬೈ ಮೇರಿ ಜಾನ್' ಧಾರಾವಾಹಿಯಲ್ಲೂ ಒಂದು ಕುಟುಂಬವಿದೆ, ಪೊಲೀಸನ ಮಗ ಗೂಂಡಾ ಆಗುವ ಕತೆಯಿದೆ. ಆದರೆ ಅದು ಸ್ವಾತಂತ್ರ್ಯದ ನಂತರದ ಡೋಂಗ್ರಿ. ಕೆ.ಕೆ. ಮೆನನ್‌ರ ಮುಖಕ್ಕಾಗಿ ಪೂರ್ತಿ ನೋಡಿದೆ. ಕನ್ನಡದಲ್ಲಾದರೂ ವ್ಯಾಸರಾಯ ಬಲ್ಲಾಳರು ಮುಂಬೈಯ ಕಾರ್ಮಿಕರನ್ನು 'ಬಂಡಾಯ' ಕಾದಂಬರಿಗೆ ಕರೆತಂದರು ಎಂಬುದು ನಮ್ಮ ಪಾಲಿನ ಹೆಮ್ಮೆ. ಅದಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರೂ ಉಡುಪಿಯಿಂದ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರೇ.

ಚಿಕ್ಕಯ್ಯ ಬಂದದ್ದು 1953ರಲ್ಲಿ, ಹದಿಮೂರನೆಯ ವಯಸ್ಸಿಗೆ. ಲಾಲ್‌ಬಾಗಿನ ಓಣಿಯೊಂದರಲ್ಲಿ ನಮ್ಮೂರ ಕಡೆಯವರ ಸಣ್ಣ ಹೋಟೆಲು. ಬೆಳಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟಿನ ಪಾತ್ರೆ ಎತ್ತಿಕೊಡುವುದು, ಮೇಜು ಒರಸುವುದು, ಆಮೇಲೆ ಹೊರಗಿನ ಆರ್ಡರುಗಳಿಗೆ ಚಹಾ ಒಯ್ಯುವುದು. ಸಂಜೆ ಟ್ರಾಮ್ ಹಿಡಿದು ಕೋಟೆ ಕಡೆಯ ಕನ್ನಡ ರಾತ್ರಿ ಶಾಲೆ. ಮೊಗವೀರರು 1908ರಲ್ಲೇ ಮುಂಬೈಯಲ್ಲಿ ರಾತ್ರಿ ಶಾಲೆ ತೆರೆದು ಹಾಕಿಕೊಟ್ಟ ದಾರಿ ಅದು; ಹೋಟೆಲಿನ ಎಷ್ಟು ಹುಡುಗರು ಆ ದಾರಿಯಲ್ಲಿ ನಡೆದು ಗುಮಾಸ್ತರಾದರು, ವಕೀಲರಾದರು, ಕವಿಗಳಾದರು! ಹೋಟೆಲಿನ ಗಲ್ಲೆಯ ಮೇಲೆ ಕೂತ ಮಾಲಕರನ್ನು ಇಡೀ ಓಣಿ ಅಣ್ಣಾ ಎನ್ನುತ್ತಿತ್ತು. ಮುಂಬೈಗೆ ಇವತ್ತಿಗೂ ಉಡುಪಿ ಹೋಟೆಲಿನ ಯಜಮಾನ ಅಣ್ಣಾನೇ. ಹಾಗಾಗಿ ಆ ಓಣಿಗೆ ಇಬ್ಬರು ಅಣ್ಣಂದಿರು: ಗಲ್ಲೆಯ ಮೇಲೆ ಕನ್ನಡದ ಅಣ್ಣ, ಗರಡಿಯಲ್ಲಿ ಮರಾಠಿಯ ದಾದಾ. ಇಬ್ಬರ ನಡುವೆ ಚಹಾದ ಲೋಟ ಹಿಡಿದು ಓಡಾಡುವವನು ನಮ್ಮ ಚಿಕ್ಕಯ್ಯ.

ದಾದಾನಿಗೆ ಆಗಲೇ ಅರವತ್ತರ ಹತ್ತಿರ. ಮುಷ್ಕರದ ದಿನಗಳಲ್ಲಿ ಅವನ ಹೆಸರು ಕೇಳಿದರೆ ಮೂರು ಓಣಿ ಬಾಗಿಲು ಹಾಕುತ್ತಿದ್ದವೆಂದು ಜನ ಹೇಳುತ್ತಿದ್ದರಂತೆ. ಯಾವ ಕಡೆ ನಿಂತು ಹೊಡೆದಾಡಿದ ಎಂದು ಕೇಳಿದೆ. ಚಿಕ್ಕಯ್ಯನಿಗೆ ಗೊತ್ತಿಲ್ಲ, ಹೇಳುವವರು ಎರಡೂ ಹೇಳುತ್ತಿದ್ದರು. ಹುಡುಗನಿಗೆ ಕಂಡದ್ದು ಇಷ್ಟು: ತಗ್ಗಾದ ಒಂದು ಕೋಣೆ, ಹದ ಮಾಡಿದ ಕೆಮ್ಮಣ್ಣು, ಎಣ್ಣೆ ಮತ್ತು ಬೆವರಿನ ವಾಸನೆ, ಗೂಡಿನಲ್ಲಿ ಸಿಂಧೂರ ಹಚ್ಚಿದ ಮಾರುತಿ, ಗೋಡೆಗೆ ಒರಗಿಸಿದ ಗದೆಗಳು. ಮೂಲೆಯ ಹಲಗೆಯ ಮೇಲೆ ಬಿಳಿ ಧೋತರದ ಮುದುಕ. ಬಲಗಿವಿ ಕುಸ್ತಿಯಲ್ಲಿ ಜಜ್ಜಿ ಮುದುಡಿಕೊಂಡಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಚಳಿಗಾಲದ ಬೆಳಗ್ಗೆ ನಮ್ಮಜ್ಜ ಹಿಡಿಯುತ್ತಿದ್ದರಲ್ಲ, ಹಾಗೆ. ಹಣದ ಮಾತು ಇಲ್ಲ. ದಾದಾನ ಚಹಾಕ್ಕೆ ಯಾವ ಹೋಟೆಲೂ ಹಣ ಕೇಳುವುದಿಲ್ಲ ಎಂಬುದು ಬಂದ ದಿನವೇ ಹುಡುಗನಿಗೆ ತಿಳಿಸಿದ ಮೊದಲ ಪಾಠ.

ಒಂದು ದಿನ ಹುಡುಗ ಲೋಟ ಇಟ್ಟು ತಿರುಗುವಾಗ ದಾದಾ ಕೂಗಿದನಂತೆ: "ಏ ಪೋರಾ, ವಾಚಾಯಲಾ ಯೇತಂ ಕಾ ತುಲಾ?" ಓದಲಿಕ್ಕೆ ಬರುತ್ತದಾ ನಿನಗೆ?

ರಾತ್ರಿ ಶಾಲೆಯಲ್ಲಿ ಕನ್ನಡದ ಜೊತೆ ದೇವನಾಗರಿಯೂ ನಡೆದಿತ್ತು. ಬರುತ್ತದೆ ಎಂದ. ದಾದಾ ಹಲಗೆಯ ಕೆಳಗಿನಿಂದ ಒಂದು ಪೋಸ್ಟ್‌ಕಾರ್ಡು ತೆಗೆದ. ರತ್ನಾಗಿರಿಯದು. ಸಾಮು ಮಾಡುತ್ತಿದ್ದ ಹುಡುಗರನ್ನು ಕಣ್ಣಲ್ಲೇ ಹೊರಗೆ ಕಳಿಸಿದ. ಚಿಕ್ಕಯ್ಯ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅರ್ಥ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ತೀರಿಹೋದ ತಮ್ಮನ ಹೆಂಡತಿ ಊರಿನ ಮಾಸ್ತರರ ಕೈಯಲ್ಲಿ ಬರೆಸಿದ್ದು. ಹಿಂದಿನ ಗೋಡೆ ಮಳೆಗೆ ಕುಸಿದಿದೆ. ಎಮ್ಮೆ ಕರು ಹಾಕಿದೆ. ಶಿಮ್ಗಾ ಹಬ್ಬಕ್ಕೆ ದೇವರ ಪಾಲಖಿ ಮನೆಯ ಮುಂದೆ ಬರುತ್ತದೆ, ಆಗಲಾದರೂ ಮನೆಯ ಹಿರಿಯರು ಬಾಗಿಲಲ್ಲಿ ನಿಲ್ಲಬೇಕು.

ದಾದಾ ಇನ್ನೊಮ್ಮೆ ಓದಿಸಿದ. ಎಮ್ಮೆಯ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದ, ಗಂಡುಕರುವೋ ಹೆಣ್ಣುಕರುವೋ ಎಂದು ಕೇಳಿದ. ಕಾರ್ಡಿನಲ್ಲಿ ಅದು ಇರಲಿಲ್ಲ. ಹುಡುಗ ಹಿಂದೆಮುಂದೆ ತಿರುಗಿಸಿ ಹುಡುಕಿದ.

ಮರುದಿನದಿಂದ ಗರಡಿಯಿಂದ ಎರಡು ಚಹಾದ ಆರ್ಡರು. ಒಂದು ಹಲಗೆಯ ಮೇಲೆ, ಇನ್ನೊಂದು ಓದುವವನ ಮುಂದೆ. ಕಾಗದ ಬಂದ ದಿನ ಓದುವುದು, ಬರದ ದಿನ ಹಳೆಯದನ್ನೇ ತೆಗೆದು ಓದುವುದು. ಉತ್ತರವನ್ನೂ ಚಿಕ್ಕಯ್ಯನೇ ಬರೆದರು. ಅವರ ಜೀವನದ ಮೊದಲ ಮರಾಠಿ ಕಾಗದದಲ್ಲಿ ಗೋಡೆಗೆ ಹಣ ಕಳಿಸುವ ಮಾತಿತ್ತು, ಕರುವಿನ ವಿಚಾರಣೆಯಿತ್ತು, ಶಿಮ್ಗಾಕ್ಕೆ ಬರುತ್ತೇನೆ ಎಂದಿತ್ತು.

ಟಿವಿಯಲ್ಲಿ ಟಾಮಿ ಶೆಲ್ಬಿ ಅರ್ಧಕ್ಕೆ ನಿಂತಿದ್ದ, ಬಾಯಲ್ಲಿ ಸಿಗರೇಟು, ಹಿಂದೆ ಕುಲುಮೆಯ ಬೆಂಕಿ. ಮಳೆ ಸ್ವಲ್ಪ ಇಳಿದಿತ್ತು. ಹಾಗಾದರೆ ಎರಡು ಚಹಾಕ್ಕೂ ಅಣ್ಣನಿಗೆ ನಷ್ಟವೇ ಆಯಿತಲ್ಲ ಎಂದೆ.

ಚಿಕ್ಕಯ್ಯ ತಲೆಯಾಡಿಸಿದರು. "ಅವ್ನ್ ಚಾಕ್ ಅವ ಯಾವತ್ತೂ ದುಡ್ಡ್ ಕೊಟ್ಟದ್ದಿಲ್ಲ. ನನ್ ಚಾಕ್ ಮಾತ್ರ ಒಂದಿನವೂ ಬಾಕಿ ಇಟ್ಟದ್ದಿಲ್ಲ."